ಚಾಲೂ ಆಗುತ್ತೆ, ಆದರೆ ನಿಂತು ಹೋಗುತ್ತೆ: ನಮ್ಮ ಮಾರುತಿ 800ರ ಪೆಟ್ರೋಲ್ ದಾರಿ

ಗಾಡಿ ಚಾಲೂ ಆಗೋದೇ ಇಲ್ಲ ಅಂದ್ರೆ ಹುಡುಕೋ ಕೆಲಸ ಅಷ್ಟು ಕಷ್ಟ ಅಲ್ಲ. ಬ್ಯಾಟರಿ, ಸೆಲ್ಫ್, ಕರೆಂಟು, ಪೆಟ್ರೋಲು ಅಂತ ಒಂದೊಂದೇ ನೋಡ್ತಾ ಹೋದರೆ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತೆ. ಕಷ್ಟ ಇರೋದು ಚಾಲೂ ಆಗಿ, ಒಂದಷ್ಟು ಓಡಿ, ಆಮೇಲೆ ಬಂದ್ ಬೀಳೋ ಗಾಡಿಯದು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ ಆಗುತ್ತೆ. ಗ್ಯಾರೇಜಿನ ಮುಂದೆ ನಿಲ್ಲಿಸಿದರೆ ಏನೂ ತೋರಿಸಲ್ಲ. ನಮ್ಮ ಮನೆಯ ಗಾಡಿ ಒಂದಿಡೀ ಕಬ್ಬಿನ ಹಂಗಾಮು ಹೀಗೇ ಮಾಡಿತು. ಅದರ ಬೇನೆ ಎಲ್ಲಿದೆ ಅಂತ ಪತ್ತೆ ಮಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಹಳೇ ಕಾರ್ಬೊರೇಟರ್ (ಪೆಟ್ರೋಲು, ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಸಾಮಾನು) ಗಾಡಿ ಇಟ್ಟುಕೊಂಡವರು ನಮ್ಮ ಕಡೆ ಇನ್ನೂ ಬಹಳ ಜನ ಇದ್ದಾರೆ, ಅವರಿಗೆ ಉಪಯೋಗ ಆಗಬಹುದು.

ನಮ್ಮದು 1998ರ ಮಾರುತಿ 800. ಅಪ್ಪ ಜಮಖಂಡಿಯಲ್ಲಿ ನೌಕರಿಯಲ್ಲಿದ್ದಾಗ ಹೊಸದಾಗಿ ತಗೊಂಡಿದ್ದು. 796 ಸಿಸಿ, ಮೂರು ಸಿಲಿಂಡರ್. ಈ ಕಾರು 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂತು, 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮ ಬಿಗಿಯಾದಾಗ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ, ಅಂದ್ರೆ ಕಂಪ್ಯೂಟರ್ ಹೇಳಿದಂತೆ ಪೆಟ್ರೋಲ್ ಚಿಮ್ಮಿಸೋ ವ್ಯವಸ್ಥೆ, ಬಂತು. ನಮ್ಮದು ಅದಕ್ಕೂ ಮುಂಚಿನದು. ಅಂದ್ರೆ ಇದರ ಇಂಜಿನ್ನಿಗೆ ಕಂಪ್ಯೂಟರ್ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಲೈಟ್ ಇಲ್ಲ, ಲ್ಯಾಪ್‌ಟಾಪ್ ಹಚ್ಚಿ ಕೋಡ್ ಓದೋ ಹಾಗಿಲ್ಲ. ಆರ್‌ಪಿಎಂ ತೋರಿಸೋ ಮೀಟರ್ ಕೂಡ ಇಲ್ಲ. ಏನೇ ಪತ್ತೆ ಮಾಡಿದರೂ ಕಣ್ಣು, ಕಿವಿ, ಮೂಗಿನಿಂದಲೇ.

ಹದಿನೈದು ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಮಾಡಿಸಿ ಇಟ್ಟುಕೊಂಡಿದ್ದೇವೆ. ಮಾರಿಬಿಡಿ ಅನ್ನೋರು ಇದ್ದಾರೆ. ಆದರೆ ಅಪ್ಪನಿಗೆ ಹತ್ತಿ ಇಳಿಯೋಕೆ ಇದರ ಎತ್ತರ ರೂಢಿಯಾಗಿದೆ, ನನಗೆ ಡ್ರೈವಿಂಗ್ ಕಲಿಸಿದ್ದೂ ಇದೇ ಗಾಡಿ. ಅದನ್ನು ಸುಸ್ಥಿತಿಯಲ್ಲಿ ಓಡಿಸಬೇಕು ಅನ್ನೋದು ನಮ್ಮ ಆಸೆ. ಅಪ್ಪನ ಕಣ್ಣಿನ ತಪಾಸಣೆಗೆ ವಿಜಯಪುರಕ್ಕೆ ಆಗಾಗ ಹೋಗಬೇಕು, ಅದಕ್ಕೆ ಇದೇ ಬೇಕು.

ಮೊದಮೊದಲು ಬಾಬಲೇಶ್ವರದ ಹತ್ತಿರ ಓವರ್‌ಟೇಕ್ ಮಾಡುವಾಗ ಗಾಡಿ ಜರ್ಕ್ ಹೊಡೆಯೋದು. ಎಕ್ಸಿಲೇಟರ್ ಬಿಟ್ಟು ಮತ್ತೆ ಒತ್ತಿದರೆ ಸರಿಹೋಗೋದು. ಬರಬರುತ್ತಾ ಜರ್ಕ್ ಹೋಗಿ ನಿಂತೇಬಿಡೋಕೆ ಶುರುವಾಯಿತು. ಜಮಖಂಡಿಯ ಒಂದು ಗ್ಯಾರೇಜಿಗೆ ಕೊಟ್ಟೆವು. ಪ್ಲಗ್ ಹೊಸದು ಹಾಕಿದರು, ಪ್ಲಗ್ ವೈರ್ ಬದಲಿಸಿದರು, ಪ್ಲಗ್ಗಿಗೆ ಕರೆಂಟು ಕೊಡೋ ಕಾಯಿಲ್ ಬದಲಿಸಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದು ಕಿಟ್ ಹಾಕಿದರು. ಪ್ರತಿ ಸಲ ಕೆಲವು ದಿನ ಚೆನ್ನಾಗಿ ಓಡಿ ಮತ್ತೆ ಅದೇ ರಾಗ. ಯಾವ ಸಾಮಾನು ಹಾಕುವ ಮೊದಲೂ ಯಾರೂ ಒಂದು ಪರೀಕ್ಷೆ ಮಾಡಿರಲಿಲ್ಲ. ನನಗೆ ಬೇಜಾರಾಗಿದ್ದು ದುಡ್ಡಿಗಿಂತ ಅದಕ್ಕೇ ಜಾಸ್ತಿ.

ಕೊನೆಗೊಂದು ದಿನ ಚಿಕ್ಕಪಡಸಲಗಿ ಸೇತುವೆ ಮೇಲೆ ನಿಂತಿತು. ಕೃಷ್ಣಾ ನದಿಗೆ ರೈತರು ತಾವೇ ದುಡ್ಡು ಹಾಕಿ, ತಾವೇ ದುಡಿದು 1989ರಲ್ಲಿ ಬ್ಯಾರೇಜು ಕಟ್ಟಿಕೊಂಡ ಊರು ಅದು. ನವೆಂಬರಿನಿಂದ ಆಚೆ ಆ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಸಾಲುಗಟ್ಟಿ ಹೋಗ್ತಾ ಇರುತ್ತವೆ. ಸೇತುವೆ ನಡುವೆ ಗಾಡಿ ನಿಂತರೆ ಹಿಂದೆ ಬರೋರಿಗೂ ಜಾಗ ಇಲ್ಲ, ನಮಗೂ ಜಾಗ ಇಲ್ಲ. ಟ್ರ್ಯಾಕ್ಟರಿನ ಹುಡುಗರು ಇಳಿದು ಬಂದು ತಳ್ಳಿ ದಾಟಿಸಿದರು. ಅವರಲ್ಲೊಬ್ಬ, 'ಅಕ್ಕಾರ, ಮುಧೋಳ ರೋಡಿಗೆ ಒಬ್ರು ಹಳೇ ಮಿಸ್ತ್ರಿ ಅದಾರ, ಅವರಿಗೆ ತೋರಸ್ರಿ' ಅಂದ.

ಆ ಮಿಸ್ತ್ರಿ ಕಾಕಾ ಜೀಪು, ಅಂಬಾಸಿಡರ್ ಮೇಲೆ ಕೆಲಸ ಕಲಿತವರು. ಬಾನೆಟ್ ಎತ್ತಲಿಲ್ಲ. ಸ್ಟೂಲ್ ಹಾಕಿ ನಮ್ಮನ್ನು ಕೂರಿಸಿದರು.

'ಅಕ್ಕೋರ, ಮೊದ್ಲ ಒಂದ ಹೇಳ್ರಿ. ಗಪ್ಪನ ಸಾಯ್ತೈತೋ, ಒದ್ದಾಡಿ ಒದ್ದಾಡಿ ಸಾಯ್ತೈತೋ?'

'ಒದ್ದಾಡತೈತ್ರಿ ಕಾಕಾ. ಎರಡು ಸಲ ಎಕ್ಸಿಲೇಟರ್ ಒತ್ತಿದ್ರ ಎದ್ದಂಗ ಮಾಡಿ ಮತ್ತ ಬೀಳ್ತೈತಿ.'

'ಹಂಗಾದ್ರ ಕರೆಂಟಿಂದಲ್ಲ ಬಿಡ್ರಿ. ಹೊಟ್ಟಿಗಿಲ್ಲದ ಸಾಯಾಕತ್ತೈತಿ.'

ಈ ಒಂದು ಪ್ರಶ್ನೆ ಬಹಳ ದೊಡ್ಡದು. ಕಾಯಿಲ್, ವೈರು, ಇಗ್ನಿಷನ್ ಸ್ವಿಚ್ಚಿನಲ್ಲಿ ತೊಂದರೆ ಇದ್ದರೆ ಇಂಜಿನ್ ಸಾಮಾನ್ಯವಾಗಿ ಸ್ವಿಚ್ ಆಫ್ ಮಾಡಿದಂತೆ ಒಮ್ಮೆಲೇ ನಿಲ್ಲುತ್ತೆ. ಪೆಟ್ರೋಲ್ ಸಾಲದೇ ಹೋದರೆ ಜರ್ಕ್ ಹೊಡೆದು, ಎಳೆಯೋದು ಬಿಟ್ಟು, ನಿಧಾನಕ್ಕೆ ನಿಲ್ಲುತ್ತೆ. ಎಕ್ಸಿಲೇಟರ್ ಒತ್ತಿದಾಗ ಕಾರ್ಬೊರೇಟರಿನ ಒಳಗಿರೋ ಚಿಕ್ಕ ಪಂಪು ಒಂದಿಷ್ಟು ಪೆಟ್ರೋಲ್ ಚಿಮ್ಮಿಸುತ್ತೆ. ಆ ಗುಟುಕಿಗೆ ಇಂಜಿನ್ ಒಂದು ಕ್ಷಣ ಚೇತರಿಸಿಕೊಳ್ಳುತ್ತೆ. ನಮ್ಮ ಗಾಡಿ ಮಾಡ್ತಿದ್ದದ್ದು ಅದನ್ನೇ.

ಕಾಕಾ ಇನ್ನೂ ಕೇಳಿದರು. ಸೆಲ್ಫ್ ಹೊಡೆಯುವಾಗ ಹತ್ತಿ, ಕೀ ಬಿಟ್ಟ ಕೂಡಲೇ ಆರುತ್ತಾ? ಹಾಗಿದ್ದರೆ ಸ್ವಿಚ್ಚು ನೋಡಬೇಕು. ಚೋಕ್ ಎಳೆದಿರೋವರೆಗೂ ಓಡಿ, ಚೋಕ್ ಒಳಗೆ ಹಾಕಿದರೆ ನಿಲ್ಲುತ್ತಾ? ಹಾಗಿದ್ದರೆ ಸ್ಲೋ ಜೆಟ್ಟಿನಲ್ಲಿ (ಐಡ್ಲಿಂಗಿಗೆ ಪೆಟ್ರೋಲ್ ಬಿಡೋ ಸಣ್ಣ ತೂತು) ಕಚರಾ, ಇಲ್ಲಾ ಕಾರ್ಬೊರೇಟರಿನಿಂದ ಇಂಜಿನ್ನಿಗೆ ಹೋಗೋ ಮ್ಯಾನಿಫೋಲ್ಡ್ ಕಡೆ ಎಲ್ಲಿಂದಲೋ ಗಾಳಿ ಸೇರ್ತಿದೆ. ಸಿಗ್ನಲ್ಲಿನಲ್ಲಿ ಮಾತ್ರ ನಿಂತು, ರೇಸ್ ಕೊಟ್ಟರೆ ಓಡುತ್ತಾ? ಹಾಗಿದ್ದರೆ ಕಾರ್ಬೊರೇಟರಿನ ಸೊಲೆನಾಯ್ಡ್, ಅಂದ್ರೆ ಕರೆಂಟಿನಿಂದ ತೆರೆಯೋ ಚಿಕ್ಕ ವಾಲ್ವ್, ನೋಡಬೇಕು. ಕೀ ಆನ್ ಮಾಡಿದಾಗ ಅದು ಟಕ್ ಅನ್ನಬೇಕು, ಅನ್ನದಿದ್ದರೆ ಅದರ ವೈರ್ ಸಡಿಲ ಇರಬಹುದು. ಬಿಸಿಯಾದ ಮೇಲೆ ಮಾತ್ರ ನಿಲ್ಲುತ್ತಾ? ಹಾಗಿದ್ದರೆ ಕಾಯಿಲ್ ಮೇಲೆ ಅನುಮಾನ, ಇಲ್ಲಾ ಬಿಸಿಗೆ ಪೈಪಿನಲ್ಲಿ ಪೆಟ್ರೋಲ್ ಆವಿ ಆಗ್ತಿದೆ.

ನಮ್ಮದು ಇದ್ಯಾವುದೂ ಅಲ್ಲ. ನಸುಕಿನ ಚಳಿಯಲ್ಲೂ ನಿಲ್ಲುತ್ತಿತ್ತು. ನಿಂತಲ್ಲೇ ಐಡ್ಲಿಂಗ್ ಬಿಟ್ಟರೆ ಬಹಳ ಹೊತ್ತು ಆರಾಮಾಗಿ ಓಡ್ತಿತ್ತು. ಓಣಿಯಲ್ಲಿ ಓಡಿದರೂ ಸರಿ. ದೊಡ್ಡ ರಸ್ತೆಗೆ ಬಿದ್ದು ನಾಲ್ಕನೇ ಗೇರಿಗೆ ಹಾಕಿ ಸ್ವಲ್ಪ ದೂರ ಎಳೆಸಿದರೆ ಕಥೆ ಶುರು. ನಾನು ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ: ಎಲ್ಲಿ ನಿಂತಿತು, ಯಾವ ಸ್ಪೀಡಿನಲ್ಲಿ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು. ಓದಿ ಹೇಳಿದೆ. ಟ್ಯಾಂಕ್ ಅರ್ಧಕ್ಕಿಂತ ಮೇಲಿದ್ದಾಗ ಕಡಿಮೆ, ಮುಳ್ಳು ಕೆಳಗೆ ಬಂದಾಗ ಜಾಸ್ತಿ. ಕಾಕಾ ಅಲ್ಲಿ ತಡೆದರು. 'ಇದನ್ನ ಇನ್ನೊಮ್ಮೆ ಓದ್ರಿ' ಅಂದರು.

ಆಮೇಲೆ ಬಾನೆಟ್ ಎತ್ತಿದರು. ನಾನು ಜನ್ಮದಲ್ಲಿ ಮರೆಯದ ಒಂದು ಪರೀಕ್ಷೆ ಅಲ್ಲಿ ನೋಡಿದೆ. ಈ ಕಾರ್ಬೊರೇಟರಿನ ಮೈಮೇಲೆ ಒಂದು ಚಿಕ್ಕ ದುಂಡು ಗಾಜಿದೆ. ಫ್ಲೋಟ್ ಛೇಂಬರಿನಲ್ಲಿ, ಅಂದ್ರೆ ಪೆಟ್ರೋಲ್ ತುಂಬಿಕೊಳ್ಳೋ ಚಿಕ್ಕ ತೊಟ್ಟಿಯಲ್ಲಿ, ಮಟ್ಟ ಎಷ್ಟಿದೆ ಅಂತ ಅದರಲ್ಲಿ ಕಾಣುತ್ತೆ. ಇಷ್ಟು ವರ್ಷ ಬಾನೆಟ್ ಎತ್ತಿದರೂ ಅದು ಧೂಳು ಹಿಡಿದು ಕಪ್ಪಾಗಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಾಕಾ ಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟರು. ಪೆಟ್ರೋಲ್ ಗಾಜಿನ ನಡುವಿನ ಗುರುತಿಗೆ ಸರಿಯಾಗಿ ನಿಂತಿತ್ತು. ಇಂಜಿನ್ ಚಾಲೂ ಮಾಡಿ ಐಡ್ಲಿಂಗ್ ಬಿಟ್ಟರು. ಮಟ್ಟ ಸಣ್ಣಗೆ ನಡುಗಿತು, ಇಳಿಯಲಿಲ್ಲ. ಆಮೇಲೆ ಕೈಯಿಂದಲೇ ಥ್ರಾಟಲ್ ಎಳೆದು ರೇಸ್ ಹಿಡಿದರು. ನಾನು ಗಾಜಿನಿಂದ ಕಣ್ಣು ತೆಗೀಲಿಲ್ಲ. ಮೊದಲು ಗುರುತಿನಿಂದ ಕೂದಲೆಳೆಯಷ್ಟು ಕೆಳಗೆ. ಮತ್ತೆ ಸ್ವಲ್ಪ. ಆಮೇಲೆ ನೊರೆ ನೊರೆ. ಗಾಜು ಖಾಲಿ ಆದ ಸ್ವಲ್ಪ ಹೊತ್ತಿಗೆ ಇಂಜಿನ್ ತೊದಲಿತು, ಅಲುಗಾಡಿತು, ನಿಂತಿತು. ಸೇತುವೆ ಮೇಲೆ ಆಗಿದ್ದೇ ಇಲ್ಲಿ ಗಾಜಿನೊಳಗೆ ಕಾಣಿಸಿತು.

ಅಲ್ಲಿಗೆ ಪ್ಲಗ್ಗು, ಕಾಯಿಲ್ಲು, ಡಿಸ್ಟ್ರಿಬ್ಯೂಟರ್, ಹೀಗೆ ಕರೆಂಟಿನ ಸಾಮಾನೆಲ್ಲಾ ಪಟ್ಟಿಯಿಂದ ಹೊರಗೆ. ಕಾರ್ಬೊರೇಟರಿಗೆ ಬೇಕಾದಷ್ಟು ಪೆಟ್ರೋಲ್ ಬರ್ತಿಲ್ಲ. ಇನ್ನು ಪಂಪು ಕೆಟ್ಟಿದೆಯಾ, ಇಲ್ಲಾ ಪಂಪಿಗೇ ಬರ್ತಿಲ್ಲವಾ?

ಇದಕ್ಕೆ ಡಬ್ಬಿ ಪರೀಕ್ಷೆ. ಈ ಗಾಡಿಯಲ್ಲಿ ಪೆಟ್ರೋಲ್ ಪಂಪು ಇಂಜಿನ್ ಮೇಲೇ ಕೂತಿದೆ, ಇಂಜಿನ್ನಿನ ಕ್ಯಾಮ್‌ಶಾಫ್ಟ್ ಅನ್ನೋ ದಂಡ ತಿರುಗಿದಂತೆ ಅದು ಕೆಲಸ ಮಾಡುತ್ತೆ. ಅದಕ್ಕೆ ಮೂರು ಪೈಪು: ಟ್ಯಾಂಕಿನಿಂದ ಬರೋದು, ಕಾರ್ಬೊರೇಟರಿಗೆ ಹೋಗೋದು, ಹೆಚ್ಚಾದದ್ದು ಟ್ಯಾಂಕಿಗೆ ವಾಪಸ್ ಹೋಗೋದು. ಕಾಕಾ ಟ್ಯಾಂಕಿನ ಪೈಪು ಕಳಚಿ, ಒಂದು ತಗಡಿನ ಡಬ್ಬಿಯಲ್ಲಿ ಶುದ್ಧ ಪೆಟ್ರೋಲ್ ಹಾಕಿ, ಬೇರೆ ಹೋಸಿನಿಂದ ಪಂಪಿಗೆ ಜೋಡಿಸಿದರು. ವಾಪಸ್ ಪೈಪನ್ನೂ ಅದೇ ಡಬ್ಬಿಗೆ ಬಿಟ್ಟರು. ಇಲ್ಲದಿದ್ದರೆ ಡಬ್ಬಿ ನೋಡನೋಡ್ತಾ ಖಾಲಿ ಆಗುತ್ತೆ. ಕೆಲಸ ಬಯಲಿನಲ್ಲಿ ನಡೆಯಿತು, ಪಕ್ಕದಲ್ಲಿ ಮರಳಿನ ಬಕೆಟ್ ಇತ್ತು, ಬೀಡಿ ಸೇದ್ತಿದ್ದ ಹುಡುಗನನ್ನು ಕಾಕಾ ರಸ್ತೆ ದಾಟಿಸಿ ಕಳಿಸಿದರು. ಬಿಸಿ ಇಂಜಿನ್ ಹತ್ತಿರ ಬಿಚ್ಚಿದ ಪೆಟ್ರೋಲ್ ಇಟ್ಟು ಮಾಡೋ ಕೆಲಸ ಇದು. ಮನೆಯ ಪೋರ್ಚಿನಲ್ಲಿ ಪ್ಲಾಸ್ಟಿಕ್ ಬಾಟಲಿ ಇಟ್ಟುಕೊಂಡು ದಯವಿಟ್ಟು ಯಾರೂ ಮಾಡಬೇಡಿ, ಕೈ ಪಳಗಿದವರಿಂದಲೇ ಮಾಡಿಸಿ.

ಮತ್ತೆ ಅದೇ ರೇಸು. ಗಾಜಿನಲ್ಲಿ ಮಟ್ಟ ಕದಲಲಿಲ್ಲ. ಎಷ್ಟು ಹೊತ್ತು ಹಿಡಿದರೂ ಗುರುತಿನ ಹತ್ತಿರವೇ ನಿಂತಿತು. ಅಂದ್ರೆ ಪಂಪು ಸರಿ, ಕಾರ್ಬೊರೇಟರ್ ಸರಿ. ತೊಂದರೆ ಪಂಪಿನಿಂದ ಹಿಂದಕ್ಕೆ, ಟ್ಯಾಂಕಿನವರೆಗೆ. ಒಂದೇ ಪರೀಕ್ಷೆಗೆ ಅರ್ಧ ಗಾಡಿ ಪಾಸಾಯಿತು. ಇಷ್ಟು ಖರ್ಚು ಮಾಡಿದ್ದೆಲ್ಲ ಆ ಪಾಸಾದ ಅರ್ಧದ ಮೇಲೆ ಅಂತ ಅಪ್ಪ ಮೆಲ್ಲಗೆ ಅಂದರು.

ಹಿಂದಿನ ಭಾಗದಲ್ಲಿ ಮೊದಲು ನೋಡಿದ್ದು ಟ್ಯಾಂಕಿನ ಮುಚ್ಚಳ. ಪೆಟ್ರೋಲ್ ಹೊರಗೆ ಹೋದಂತೆ ಆ ಜಾಗಕ್ಕೆ ಗಾಳಿ ಬರಬೇಕು, ಅದಕ್ಕೆ ಮುಚ್ಚಳದಲ್ಲಿ ಒಂದು ಸಣ್ಣ ವಾಲ್ವ್ ಇರುತ್ತೆ. ಅದು ಕಟ್ಟಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಆಗಿ ಪಂಪಿಗೆ ಎಳೆಯೋಕೆ ಆಗಲ್ಲ. ಗಾಡಿ ನಿಂತ ಕೂಡಲೇ ಮುಚ್ಚಳ ತೆಗೆದಾಗ ಸುಸ್ ಅಂತ ಗಾಳಿ ಒಳಗೆ ನುಗ್ಗಿದರೆ ಅದೇ ಕಳ್ಳ. ನಮ್ಮದರಲ್ಲಿ ಸದ್ದು ಬರಲಿಲ್ಲ. ಮುಚ್ಚಳ ಸಡಿಲ ಬಿಟ್ಟು ನೋಡಿದರೂ ಮಟ್ಟ ಇಳಿಯಿತು.

ಆಮೇಲೆ ಫಿಲ್ಟರ್. ಬಿಚ್ಚಿ ಬಿಳಿ ಬಟ್ಟೆ ಮೇಲೆ ತಿರುವಿ ಹಾಕಿದಾಗ ಕೆಂಪು ಪುಡಿ ಬಿತ್ತು, ತುಕ್ಕು. ಹೊಸ ಫಿಲ್ಟರ್ ಹಾಕಿದ ಮೇಲೆ ರೇಸಿಗೆ ಮಟ್ಟ ಮೊದಲಿನಷ್ಟು ಬೇಗ ಇಳಿಯಲಿಲ್ಲ, ಆದರೆ ಇಳಿಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಾನೆಟ್ ಹಾಕಿ ಕಳಿಸಿಬಿಡ್ತಿದ್ದರು. ನಾವೂ ಸಂತೋಷವಾಗಿ ಮನೆಗೆ ಹೋಗಿ ಕೆಲವು ದಿನಕ್ಕೆ ಮತ್ತೆ ಬರ್ತಿದ್ದೆವು. ಕಾಕಾ ಮಾತ್ರ ಪಂಪಿನ ಮುಂಚೆ ಒಂದು ಗೇಣಿನಷ್ಟು ಪಾರದರ್ಶಕ ಪೈಪು ಸೇರಿಸಿದರು. ಇಂಜಿನ್ ಓಡುವಾಗ ಅದರಲ್ಲಿ ಗುಳ್ಳೆಗಳು ಸಾಲಾಗಿ ಬರ್ತಿದ್ದವು. ಪೆಟ್ರೋಲಿನ ಜೊತೆ ಗಾಳಿ.

'ಏರ್ ತಗೊಳ್ಳಾಕತ್ತೈತಿ ನೋಡ್ರಿ. ಎಲ್ಲಿಂದ ಅನ್ನೂದು ಹುಡುಕೂಣು.'

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಪಂಪು ಮುಂದೆ ಇಂಜಿನ್ ಹತ್ತಿರ ಇರೋದರಿಂದ ಟ್ಯಾಂಕಿನಿಂದ ಪಂಪಿನವರೆಗಿನ ಇಡೀ ಪೈಪಿನಲ್ಲಿ ಎಳೆತ ಇರುತ್ತೆ, ಒತ್ತಡ ಅಲ್ಲ. ಈ ಭಾಗದಲ್ಲಿ ಎಲ್ಲಾದರೂ ಸಣ್ಣ ಬಿರುಕು ಬಿಟ್ಟರೆ ಗಾಡಿ ಓಡುವಾಗ ಪೆಟ್ರೋಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ. ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ. ಅದಕ್ಕೇ ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ, ಗ್ಯಾರೇಜಿನವರು ಸೋರಿಕೆ ಇಲ್ಲ ಅಂದಿದ್ದು ಆ ಮಟ್ಟಿಗೆ ನಿಜ. ಐಡ್ಲಿಂಗಿಗೆ ಪೆಟ್ರೋಲ್ ಕಡಿಮೆ ಸಾಕು, ಗಾಳಿ ಸೇರಿದರೂ ನಡೆಯುತ್ತೆ. ನಾಲ್ಕನೇ ಗೇರಿನಲ್ಲಿ ಎಳೆಸುವಾಗ ಸಾಲಲ್ಲ. ಟ್ಯಾಂಕಿನ ಮಟ್ಟ ಇಳಿದಷ್ಟೂ ಎಳೆಯೋ ಎತ್ತರ ಜಾಸ್ತಿ, ಗಾಳಿ ಬರೋದೂ ಜಾಸ್ತಿ. ನೋಟ್‌ಬುಕ್ಕಿನ ಸಾಲಿಗೆ ಅಲ್ಲಿ ಅರ್ಥ ಬಂತು.

ಜಾಗ ತೋರಿಸಿದ್ದು ಅವ್ವ. ಅವಳು ಯಾವಾಗಲೂ ಹಿಂದಿನ ಸೀಟಿನಲ್ಲಿ ಕೂರ್ತಾಳೆ. ಕಾಕಾ ಸುಮ್ನೆ ಕೇಳಿದರು, 'ಅವ್ವಾರ, ನಿಮಗೇನರ ವಾಸನಿ ಬರತೈತೇನ್ರಿ?' ಅದಕ್ಕೆ ಅವಳು, 'ಪೆಟ್ರೋಲ್ ಫುಲ್ ಹಾಕ್ಸಿದ ದಿನ ಘಮ್ ಅಂತೈತ್ರಿ. ನಾ ಹೇಳೇ ಹೇಳತೀನಿ, ಇವ್ರಿಗೆ ಮುಂದ ಕುಂತು ಗೊತ್ತಾಗೂದುಲ್ಲ' ಅಂದಳು. ಫುಲ್ ಟ್ಯಾಂಕ್ ಇದ್ದಾಗ ಪೆಟ್ರೋಲ್ ಆ ಬಿರುಕಿನ ಮಟ್ಟ ಮುಟ್ಟುತ್ತೆ, ವಾಸನೆ ಹೊರಗೆ ಬರುತ್ತೆ. ಅಂದ್ರೆ ಬಿರುಕು ಟ್ಯಾಂಕಿನ ಹತ್ತಿರ, ಮೇಲ್ಮಟ್ಟದಲ್ಲಿ.

ಗಾಡಿ ಎತ್ತಿ, ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟು ಕೆಳಗೆ ಮಲಗಿ ನೋಡಿದರು. ಟ್ಯಾಂಕಿನ ನಳಿಗೂ ಮುಂದೆ ಹೋಗೋ ಕಬ್ಬಿಣದ ಪೈಪಿಗೂ ನಡುವೆ ಒಂದು ಚಿಕ್ಕ ರಬ್ಬರ್ ಹೋಸು. ಮೇಲಿಂದ ಚೆನ್ನಾಗೇ ಕಾಣ್ತಿತ್ತು. ಕ್ಲಿಪ್ ಸಡಿಲಿಸಿ ತೆಗೆದು ಕಾಕಾ ಅದನ್ನು ನನ್ನ ಕೈಗೆ ಕೊಟ್ಟರು. ಬಗ್ಗಿಸಿದೆ. ಕ್ಲಿಪ್ ಕೂತಿದ್ದ ಜಾಗದಲ್ಲಿ ಸುತ್ತಲೂ ಸೀಳು ತೆರೆದುಕೊಂಡಿತು. ಒಳಗಿನ ಪದರ ಉಬ್ಬಿ, ಮೆತ್ತಗಾಗಿ, ಬೆರಳಿಗೆ ಕಪ್ಪು ಮಸಿ ಹತ್ತಿತು. ಇಷ್ಟು ದಿನ ನಮ್ಮನ್ನು ರಸ್ತೆಯಲ್ಲಿ ನಿಲ್ಲಿಸಿದ್ದು ಇದೇ ತುಂಡು.

ರಬ್ಬರ್ ಹೀಗೆ ಮೆತ್ತಗಾದದ್ದಕ್ಕೆ ವಯಸ್ಸು ಒಂದು ಕಾರಣ, ಇಪ್ಪತ್ತೈದು ವರ್ಷ ದಾಟಿದ ಹೋಸು ಅದು. ಇನ್ನೊಂದು ಈಗಿನ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಮಾರಾಟಕ್ಕೆ ಚಾಲನೆ ಸಿಕ್ಕಿತು. ಈಗ ಹೆಚ್ಚುಕಡಿಮೆ ಎಲ್ಲ ಬಂಕಿನಲ್ಲೂ ಅದೇ, ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಹಳೇ ಗಾಡಿಗಳ ರಬ್ಬರನ್ನು ಅಷ್ಟು ಎಥನಾಲಿಗೆ ಅಂತ ಮಾಡಿದ್ದಲ್ಲ, ಕೆಲವು ಉಬ್ಬುತ್ತವೆ, ಕೆಲವು ಬಿರುಕು ಬಿಡುತ್ತವೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತೆ. ಗಾಡಿ ಬಹಳ ದಿನ ನಿಂತು, ನೀರು ಜಾಸ್ತಿಯಾದರೆ ಎರಡೂ ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಕಬ್ಬಿಣದ ಟ್ಯಾಂಕಿಗೆ ಅದು ಒಳ್ಳೇದಲ್ಲ.

ನಾನು ಎಥನಾಲಿನ ವಿರೋಧಿ ಅಲ್ಲ. ನಮ್ಮ ಸೋದರಮಾವನ ಹೊಲದ ಕಬ್ಬು ಹೋಗೋದೇ ಕಾರ್ಖಾನೆಗೆ. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಸಕ್ಕರೆ ಜೊತೆ ಎಥನಾಲ್ ಮಾಡೋ ಕಾರ್ಖಾನೆ ಎಷ್ಟಿವೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆದರೆ ಹಳೇ ಗಾಡಿ ಇಟ್ಟುಕೊಂಡವರಿಗೆ ಹೋಸು ಬದಲಿಸಿ ಅಂತ ಬಂಕಿನಲ್ಲಿ ಒಂದು ಬೋರ್ಡ್ ಆದರೂ ಹಾಕಬೇಕಿತ್ತು. ಇದನ್ನು ನಾನು ಬೇಸರದಿಂದಲೇ ಬರೀತಿದ್ದೇನೆ.

ಒಂದೇ ತುಂಡು ಹಾಕಿ ಬಿಡೋದು ಬೇಡ ಅಂತ ಪೆಟ್ರೋಲ್ ದಾರಿಯ ರಬ್ಬರ್ ಎಲ್ಲಾ ತೆಗೆಸಿದೆವು. ಹೊಸದು ತರುವಾಗ ಹೋಸಿನ ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚು ಇರೋದನ್ನೇ ನೋಡಿ ತಂದೆ. ಎಥನಾಲ್ ಬೆರೆತ ಪೆಟ್ರೋಲನ್ನು ತಡೆಯೋ ಜಾತಿ ಅದು. ಬೆಲೆ ಸ್ವಲ್ಪ ಜಾಸ್ತಿ, ಆದರೂ ಬದಲಿಸಿದ್ದ ಕಾಯಿಲ್ಲಿನ ಮುಂದೆ ಏನೂ ಅಲ್ಲ. ಕ್ಲಿಪ್ಪುಗಳನ್ನೂ ಹೊಸದು ಹಾಕಿಸಿದೆವು, ಹಳೇವು ರಬ್ಬರನ್ನು ಕಡಿದಿದ್ದವು.

ಫಿಲ್ಟರಿನಲ್ಲಿ ತುಕ್ಕು ಬಂದ ಮೇಲೆ ಟ್ಯಾಂಕ್ ಬಿಡೋ ಹಾಗಿರಲಿಲ್ಲ. ಇಳಿಸಿ, ಒಳಗೆ ಸೈಕಲ್ ಚೈನಿನ ತುಂಡು ಹಾಕಿ ಸ್ವಲ್ಪ ಪೆಟ್ರೋಲಿನಲ್ಲಿ ಕುಲುಕಿ ಕುಲುಕಿ ತೊಳೆದರು. ಹೊರಗೆ ಬಂದದ್ದು ಇಟ್ಟಿಗೆ ಬಣ್ಣದ ರಾಡಿ. ಒಣಗಿಸಿ, ಟಾರ್ಚ್ ಬಿಟ್ಟು ನೋಡಿ, ತೂತು ಇಲ್ಲ ಅಂತ ಖಾತ್ರಿ ಮಾಡಿಕೊಂಡು ಕೂರಿಸಿದರು. ತೂತು ಇದ್ದಿದ್ದರೆ ಬೇರೆ ಟ್ಯಾಂಕ್ ಹುಡುಕಬೇಕಿತ್ತು. ಪೆಟ್ರೋಲ್ ಟ್ಯಾಂಕಿಗೆ ವೆಲ್ಡಿಂಗ್ ಹಚ್ಚೋಕೆ ಕಾಕಾ ಯಾರಿಗೂ ಒಪ್ಪಲ್ಲ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯೋಕೆ ಸಾಕು.

ಕೊನೆಗೆ ಟ್ಯೂನಿಂಗ್. ಪೆಟ್ರೋಲ್ ಒಂದು ಪಾಲು ಪೂರ್ತಿ ಉರಿಯೋಕೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಎಂಪಿಎಫ್‌ಐ ಗಾಡಿಯ ಕಂಪ್ಯೂಟರ್ ಇದನ್ನು ಸಾಕಷ್ಟು ಮಟ್ಟಿಗೆ ತಾನೇ ಸರಿ ಮಾಡಿಕೊಳ್ಳುತ್ತೆ. ನಮ್ಮ ಕಾರ್ಬೊರೇಟರಿನ ಜೆಟ್ ತೂತಿನ ಅಳತೆ ಬದಲಾಗಲ್ಲ, ಅದಕ್ಕೆ ಇ20 ಹಾಕಿದರೆ ಮಿಶ್ರಣ ತುಸು ತೆಳು ಆಗುತ್ತೆ, ಅಂದ್ರೆ ಗಾಳಿಯ ಪಾಲು ಬೇಕಾದ್ದಕ್ಕಿಂತ ಜಾಸ್ತಿ. ಐಡ್ಲಿಂಗಿನಲ್ಲಿ ಕಾಕಾ ಮಿಕ್ಸ್‌ಚರ್ ಸ್ಕ್ರೂ ಸ್ವಲ್ಪ ಸ್ವಲ್ಪ ಹೊರಗೆ ತಿರುಗಿಸ್ತಾ, ಕಿವಿ ಕೊಟ್ಟು ಕೇಳ್ತಾ, ಇಂಜಿನ್ ನಡುಕ ನಿಂತ ಜಾಗಕ್ಕೆ ಬಿಟ್ಟರು. ಹೊಗೆ ತಪಾಸಣೆಯಲ್ಲೂ ಪಾಸಾಯಿತು.

ಪಾರದರ್ಶಕ ಪೈಪು ತೆಗೆಯುವ ಮುಂಚೆ ಇನ್ನೊಮ್ಮೆ ರೇಸ್ ಹಿಡಿದು ತೋರಿಸಿದರು. ಗುಳ್ಳೆ ಇಲ್ಲ. ಗಾಜಿನಲ್ಲಿ ಮಟ್ಟ ಗುರುತಿಗೆ ಸರಿಯಾಗಿ. ಮುಂದಿನ ವಾರ ಅಪ್ಪ ಅವ್ವ ಇಬ್ಬರನ್ನೂ ಕೂರಿಸಿಕೊಂಡು, ಮುಳ್ಳು ಕೆಳಗಿರೋವಾಗಲೇ ಬೇಕಂತಲೇ ಹೊರಟು, ವಿಜಯಪುರದವರೆಗೆ ನಾಲ್ಕನೇ ಗೇರಿನಲ್ಲಿ ಎಳೆಸಿದೆ. ಎಲ್ಲೂ ಜರ್ಕ್ ಹೊಡೆಯಲಿಲ್ಲ. ಅಲ್ಲಿ ಟ್ಯಾಂಕ್ ಫುಲ್ ಹಾಕಿಸಿದೆ, ಅವ್ವ ವಾಸನೆ ಬರ್ತಿಲ್ಲ ಅಂದಳು. ಟ್ಯಾಂಕ್ ತೊಳೆದ ಮೇಲೂ ಉಳಿದ ಪುಡಿ ಕೆಲವು ದಿನ ಬರುತ್ತೆ ಅಂತ ಕಾಕಾ ಹೇಳಿದ್ದರಿಂದ ಆ ತಿಂಗಳು ಫಿಲ್ಟರ್ ಇನ್ನೊಮ್ಮೆ ಬದಲಿಸಿದೆ. ಅದರಲ್ಲಿ ಒಂದು ಚಿಟಿಕೆ ಕೆಂಪು ಪುಡಿ ಇತ್ತು. ಒಂದು ಹೊಸ ಫಿಲ್ಟರ್, ಎರಡು ಕ್ಲಿಪ್, ಒಂದು ಮೊಳ ಹೋಸು ಈಗ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕದಲ್ಲೇ ಇರುತ್ತವೆ.